ಬ್ರಿಡಿಯ ಬಾಗಿಲ ಹಲಗೆ

ಬಾದಾಮಿ

ಪರದೇಶದ ಪ್ರಯಾಣವನ್ನು ವಿಮಾನ ನಿಲ್ದಾಣದಿಂದ ಬರೆಯತೊಡಗುವುದು ರೂಢಿ. ನನ್ನ ಪ್ರಯಾಣ ಮಾತ್ರ ಬಾದಾಮಿಯ ಅಗಸ್ತ್ಯತೀರ್ಥದ ಮೆಟ್ಟಿಲುಗಳ ಮೇಲೆ, ಒಂದು ಕೈಯಿಲ್ಲದ ಹೆಣ್ಣು ಕೋತಿಯ ಎದುರಿನಲ್ಲಿ ಆರಂಭವಾಯಿತು.

ಆ ದಿನ ನಾನು ಮೊಮ್ಮಗಳು ಭಾಗೀರಥಿಯನ್ನು ಕರೆದುಕೊಂಡು ಬನಶಂಕರಿಯ ದರ್ಶನಕ್ಕೆ ಹೋಗಿದ್ದೆ. ಭಾಗಿಗೆ ಒಂಬತ್ತು ವರ್ಷ. ಎಂಟು ತಿಂಗಳ ಹಿಂದೆ, ಇಳಕಲ್ಲಿನಿಂದ ಹುನಗುಂದಕ್ಕೆ ಬರುವ ದಾರಿಯಲ್ಲಿ ಅವಳಿದ್ದ ವಾಹನ ಮಗುಚಿತ್ತು. ನನ್ನ ಒಬ್ಬಳೇ ಮಗಳು ವಸುಧಾ ಅಲ್ಲಿಯೇ ತೀರಿಕೊಂಡಳು. ಮಗು ನಾಲ್ಕಾರು ಗೀರುಗಾಯಗಳೊಂದಿಗೆ ಹೊರಬಂದಿತು. ಅದರ ಮಾತು ಹೊರಬರಲಿಲ್ಲ. ಕಿವಿ ಕೇಳಿಸುತ್ತದೆ, ಓದುತ್ತಾಳೆ, ಲೆಕ್ಕ ಬಿಡಿಸುತ್ತಾಳೆ. ಮಾತಿಲ್ಲ. ಯಾರಾದರೂ ಮುಟ್ಟಿದರೆ ಮೈಯನ್ನೆಲ್ಲ ಮುದುಡಿಕೊಳ್ಳುತ್ತಾಳೆ. ವೈದ್ಯರು, ಇದು ನಾಲಿಗೆಯ ದೋಷವಲ್ಲ, ಮನಸ್ಸಿಗೆ ಬಿದ್ದ ಪೆಟ್ಟು, ಕಾಯಬೇಕು ಎಂದಿದ್ದರು. ಕಾಯುವುದೊಂದನ್ನು ಬಿಟ್ಟು ನಮ್ಮವರು ಬೇರೆಲ್ಲವನ್ನೂ ಮಾಡಿದರು. ಕಂಡವರೆಲ್ಲ ಅವಳ ಗಲ್ಲ ಹಿಡಿದು ಎತ್ತಿ, "ಅಜ್ಜಿ ಅನ್ನು ನೋಡೋಣ, ಅಪ್ಪಾ ಅನ್ನು ನೋಡೋಣ" ಎಂದು ಪೀಡಿಸಿದರು. ನೋಡಲಾರದೆ ನಾನು ಅವಳನ್ನು ಬಾಗಲಕೋಟೆಯ ವಿದ್ಯಾಗಿರಿಯ ನನ್ನ ಮನೆಗೆ ಕರೆತಂದಿದ್ದೆ.

ತೀರ್ಥದ ಮೆಟ್ಟಿಲ ಮೇಲೆ ಆ ಕೋತಿ ತನ್ನ ಮರಿಯನ್ನು ಹೊಟ್ಟೆಗೆ ಕಟ್ಟಿಕೊಂಡು, ಇದ್ದ ಒಂದೇ ಕೈಯಿಂದ ಗೋಡೆ ಹತ್ತುತ್ತಿತ್ತು. ಜಾರುತ್ತಿತ್ತು, ಮತ್ತೆ ಹತ್ತುತ್ತಿತ್ತು. ಭಾಗಿ ತನ್ನ ಅಭ್ಯಾಸದಂತೆ ಎಡಭುಜವನ್ನು ಕಲ್ಲುಗೋಡೆಗೆ ಒತ್ತಿ ಕುಳಿತು ನೋಡುತ್ತಿದ್ದಳು. ಹೋಗೋಣ ಎಂದು ನಾನು ಮೂರು ಸಲ ಕರೆದೆ. ಅವಳು ಏಳಲಿಲ್ಲ. ಎಂಟು ತಿಂಗಳಲ್ಲಿ ಅವಳ ದೃಷ್ಟಿ ಒಂದೆಡೆ ನಿಂತದ್ದನ್ನು ನಾನು ಕಂಡದ್ದು ಅದೇ ಮೊದಲು. ಒಳಗೆಲ್ಲೋ ಯಾರೋ ದೀಪಕ್ಕೆ ಎಣ್ಣೆ ಹೊಯ್ದಂತಾಯಿತು. ದೇವಿಯ ಪ್ರಸಾದವೆಂದೇ ತಿಳಿದೆ.

ಮನೆಗೆ ಬಂದು, ಎರಡು ಸಲ ಓದಿ ಮಡಚಿಟ್ಟಿದ್ದ ಒಂದು ಪತ್ರವನ್ನು ಮೂರನೆಯ ಸಲ ಬಿಡಿಸಿದೆ. ಅದು ನನ್ನ ಹಳೆಯ ವಿದ್ಯಾರ್ಥಿನಿ ಶಾಂತಾ ಬರೆದದ್ದು. ಬೇವೂರಿನ ಒಕ್ಕಲುಮನೆಯ ಹುಡುಗಿ, ನನ್ನ ಬಳಿ ಸಂಸ್ಕೃತ ಕಲಿತವಳು, ಈಗ ಪಶುವೈದ್ಯೆ. ಐರ್ಲೆಂಡಿನ ಪಶ್ಚಿಮ ತೀರದಲ್ಲಿ, ಹೊಡೆತ ತಿಂದ, ಹಸಿದು ಬಿದ್ದ, ಯಾರಿಗೂ ಬೇಡವಾದ ಕತ್ತೆಗಳನ್ನು ಬಿಡಿಸಿ ತಂದು ಸಾಕುವ ಒಂದು ಆಶ್ರಮದಲ್ಲಿ ಅವಳ ಕೆಲಸ. ದುಃಖ ಕಂಡ ಮಕ್ಕಳು ಅಲ್ಲಿಗೆ ಬಂದು ಆ ಪ್ರಾಣಿಗಳ ವೃತ್ತಾಂತವನ್ನು ಕಲಿಯುತ್ತಾರಂತೆ. "ಭಾಗಿಯನ್ನು ಕರೆದುಕೊಂಡು ಬನ್ನಿ" ಎಂದು ಬರೆದಿದ್ದಳು. ಸಂತೆಯ ದಿನ ಕಾಣುವ ಪ್ರಾಣಿಗಾಗಿ ಸಮುದ್ರ ದಾಟುವುದೇ ಎಂದು ನಾನು ನಕ್ಕು ಮಡಚಿಟ್ಟಿದ್ದೆ. ಆ ಸಂಜೆ ನಗಲಿಲ್ಲ.

ಹುನಗುಂದ

ಭಾಗಿಯ ತಂದೆ ಶ್ರೀಪಾದ ಹುನಗುಂದದಲ್ಲಿ ಅಣ್ಣ ವಾಮನರಾಯರ ಮನೆಯಲ್ಲಿದ್ದಾನೆ. ಅಣ್ಣನ ಮಾತಿಗೆ ಎದುರಾಡಿ ಗೊತ್ತಿಲ್ಲದವನು. ಶಾಂತಾಳ ಪತ್ರದ ವಿಷಯ ಹೇಳಲು ನಾನು ಹೋದಾಗ ಪಡಸಾಲೆಯ ಮೇಜಿನ ಮೇಲೆ ಒಂದು ಅರ್ಜಿ ಇತ್ತು. ದೂರದ ಊರಿನಲ್ಲಿ ಮೂಕ ಮಕ್ಕಳಿಗಾಗಿ ಇರುವ ವಸತಿಶಾಲೆಯದು. ವಾಮನರಾಯರು ಅದನ್ನು ತಮ್ಮ ಮುತ್ತಿನಂಥ ಅಕ್ಷರಗಳಲ್ಲಿ ಆಗಲೇ ತುಂಬಿದ್ದರು.

"ಆಕಿ ಮೂಕಿ ಅಲ್ಲ, ವಾಮನರಾವ್" ಎಂದೆ.

"ಮಾತಾಡೂದಿಲ್ಲಲ್ಲ, ಮತ್ತೇನಂತಾರ ಅದಕ್ಕ? ನೋಡ್ರಿ ಬಾಯಾರ, ನಿಮಗ ಎಪ್ಪತ್ತೊಂದು ಆತು. ಸಂಸ್ಕೃತ ಹೇಳಿಕೊಟ್ಟವರು ನೀವು. ಮಡಿ ಬಿಟ್ಟು ಒಂದು ದಿನ ಇದ್ದವರಲ್ಲ. ನಿಮ್ಮಂಥವರು ಕತ್ತಿ ನೋಡ್ಲಿಕ್ಕೆ ಸಮುದ್ರ ದಾಟತೀರೇನು? ನಮ್ಮ ಹುನಗುಂದದಾಗ ಕತ್ತಿ ಇಲ್ಲೇನ್ರಿ? ಸಂತಿ ದಿನ ಬರ್ರಿ, ಹತ್ತು ತೋರಸ್ತೇನಿ."

"ಇಲ್ಲೆ ಕತ್ತಿಗೆ ಹೊಡೀತಾರ. ಅಲ್ಲೆ ಹೊಡಸ್ಕೊಂಡ ಕತ್ತಿ ಕಥಿ ಕೇಳ್ತಾರ. ಅದಕ್ಕ ಹೋಗ್ತೇನಿ."

"ಶಾಸ್ತ್ರದಾಗ ಸಮುದ್ರಯಾನ ಬ್ಯಾಡ ಅಂದದ, ನಿಮಗ ನಾ ಹೇಳಬೇಕೇನು?"

"ಶಾಸ್ತ್ರ ನಾ ಓದೇನಿ. ಮಗೂನ ದೂರ ಒಗದು ಕೈ ತೊಳ್ಕೋ ಅಂತ ಅದರಾಗ ಎಲ್ಲೂ ಬರದಿಲ್ಲ."

ವಾಮನರಾಯರು ಕೆಟ್ಟವರಲ್ಲ. ಅಪಘಾತವಾದ ಮೇಲೆ ಮೂರು ದಿನ ದವಾಖಾನೆಯ ನೆಲದ ಮೇಲೆ ಮಲಗಿದವರು ಅವರು. ಆದರೆ ಯಾವ ವಸ್ತುವೂ ತನ್ನ ಜಾಗದಲ್ಲಿ ಇಲ್ಲದಿದ್ದರೆ ಅವರಿಗೆ ಅನ್ನ ಸೇರುವುದಿಲ್ಲ; ಮಾತಾಡದ ಮಗುವಿಗೆ ಒಂದು ಜಾಗ ಗೊತ್ತುಮಾಡಿದ್ದರು. ಕೊನೆಗೆ ಅವರು ಎದ್ದು ನಿಂತು ಹೇಳಿದರು: "ಜೂನ್ ಒಂದನೇ ತಾರೀಖಿನೊಳಗ ನನ್ನ ಮುಂದ ನಿಂತು ಆಕಿ ಮಾತಾಡಿದ್ಲೋ, ಸರಿ. ಇಲ್ಲಾಂದ್ರ ಈ ಫಾರ್ಮ್ ಅಲ್ಲಿಗೆ ಹೋಗ್ತದ. ಆಮ್ಯಾಲೆ ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ."

ಬಾಗಿಲವರೆಗೆ ಬಂದ ಶ್ರೀಪಾದ ಮೆಲ್ಲನೆ, "ಅತ್ತಿ, ಪಾಸ್‌ಪೋರ್ಟಿನ ಕಾಗದಕ್ಕ ಸಹಿ ಮಾಡ್ತೇನಿ. ಅಣ್ಣಗ ನಾ ಹೇಳ್ತೇನಿ" ಎಂದ. ಸಹಿ ಮಾಡಿದ. ಹೇಳಲಿಲ್ಲ. ನಾವು ಹಾರಿದ ಸುದ್ದಿ ವಾಮನರಾಯರಿಗೆ ಹಾಲಿನವನಿಂದ ತಿಳಿಯಿತಂತೆ.

ಆಕಾಶಮಾರ್ಗ

ನನ್ನ ನಿತ್ಯದ ನೇಮವನ್ನು ಇಲ್ಲಿ ಹೇಳಲೇಬೇಕು. ಬೆಳಗ್ಗೆ ಮಿಂದು, ಯಾರ ಕೈಯೂ ಸೋಕದಂತೆ ಒಗೆದು ಒಣಗಿಸಿದ ಸೀರೆಯನ್ನು ಉಟ್ಟು, ಪೂಜೆ ಮುಗಿಯುವವರೆಗೆ ನಾನು ಯಾರನ್ನೂ ಮುಟ್ಟುವುದಿಲ್ಲ, ಯಾರೂ ನನ್ನನ್ನು ಮುಟ್ಟುವಂತಿಲ್ಲ. ಇದು ಮಡಿ. ವಿದ್ಯಾಗಿರಿಗೆ ಬಂದ ಮರುದಿನದಿಂದಲೇ ಭಾಗಿ ಸರಿಯಾಗಿ ಆ ಹೊತ್ತಿಗೆ ಎದ್ದು ಬಂದು ತುಳಸಿಕಟ್ಟೆಯ ಪಕ್ಕದ ಗೋಡೆಗೆ ಆತು ಕೂರುತ್ತಿದ್ದಳು. ಪೂಜೆ ಮುಗಿದೊಡನೆ ಎದ್ದು ಒಳಗೆ ಹೋಗುತ್ತಿದ್ದಳು. ಮಗುವಿಗೆ ದೈವಭಕ್ತಿ ಇದೆ ಎಂದು ನಾನು ಹಿಗ್ಗಿದ್ದೆ.

ಮಡಿಗೆಂದು ಎರಡು ಸೀರೆ ಇಟ್ಟುಕೊಂಡಿದ್ದೆ. ಒಂದು ಹಳೆಯ ಪೀತಾಂಬರ. ಜೀರ್ಣವಾದ ಅದನ್ನು ಮನೆಯಲ್ಲೇ ಬಿಟ್ಟೆ. ಇನ್ನೊಂದು ಇಳಕಲ್ಲಿನ ನೂಲಿನ ಸೀರೆ, ಹಸಿರು ಒಡಲು, ಕೆಂಪು ಸೆರಗು. ಅಪಘಾತದ ದಿನ ವಸುಧಾ ಇಳಕಲ್ಲಿಗೆ ಹೋದದ್ದು ನನಗಾಗಿ ಇದನ್ನು ತರಲು. ದವಾಖಾನೆಯವರು ಕೊಟ್ಟ ಚೀಲದಲ್ಲಿ ಇದು ಮಡಿಕೆ ಬಿಚ್ಚದೆ ಬಂದಿತ್ತು.

ಬೆಂಗಳೂರಿನ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ನನ್ನ ಹಿತ್ತಾಳೆಯ ಪುಟ್ಟ ಕೃಷ್ಣ ಯಂತ್ರದೊಳಗೆ ಸಿಕ್ಕಿಕೊಂಡ. ಖಾಕಿ ತೊಟ್ಟ ಹುಡುಗಿ ಅವನನ್ನು ಎತ್ತಿ, "ಏನಿದು?" ಎಂದಳು. ನಾನು "ದೇವರು" ಎಂದೆ. ಮುಟ್ಟಿಬಿಟ್ಟಳಲ್ಲ ಎಂದು ಕೋಪ ಬರುವಷ್ಟರಲ್ಲಿ ಅವಳು ತನ್ನ ಕರವಸ್ತ್ರವನ್ನು ಬಿಡಿಸಿ ತಟ್ಟೆಯಲ್ಲಿ ಹಾಸಿ, ಅದರ ಮೇಲೆ ಅವನನ್ನು ಇಟ್ಟು, ಕಣ್ಣಿಗೆ ಒತ್ತಿಕೊಂಡಳು. ಕರವಸ್ತ್ರವನ್ನು ಹಿಂದಕ್ಕೆ ಕೇಳಲೂ ಇಲ್ಲ. ಅದು ಈಗಲೂ ದೇವರ ಪೆಟ್ಟಿಗೆಯಲ್ಲಿದೆ.

ವಿಮಾನದಲ್ಲಿ ನಮಗೆ ನಡುಸಾಲಿನ ಆಸನ ಸಿಕ್ಕಿತ್ತು. ಭಾಗಿ ಕೂರಲಿಲ್ಲ. ಪರಿಚಾರಿಕೆ ಬೇಡಿಕೊಂಡಳು, ನಾನು ಗದರಿದೆ, ಹಿಂದಿನವರು ಗೊಣಗಿದರು. ಆಗ ಎಡಬದಿಯ ಕಿಟಕಿಯ ಪಕ್ಕ ಕುಳಿತಿದ್ದ ಕೆಂಪು ಗಡ್ಡದ ಒಬ್ಬ ಮಹಾಕಾಯ, ಮಗುವನ್ನೊಮ್ಮೆ ನೋಡಿ, ತನ್ನ ಚೀಲ ಎತ್ತಿಕೊಂಡು ಎದ್ದುಬಿಟ್ಟ. ಏಕೆ ಎಂದು ಕೇಳಲಿಲ್ಲ. ಭಾಗಿ ಹೋಗಿ ಎಡಭುಜವನ್ನು ವಿಮಾನದ ಗೋಡೆಗೆ ಒತ್ತಿ ಕುಳಿತು ನಿದ್ದೆಹೋದಳು. ಕಾರಣ ಕೇಳದೆ ಜಾಗ ಬಿಟ್ಟುಕೊಟ್ಟವನನ್ನು ನಾನು ನಮ್ಮ ಬಂಧುವರ್ಗದಲ್ಲಿ ನೆನೆದು ಹುಡುಕಿದೆ. ನೆನಪಿಗೆ ಯಾರೂ ಬರಲಿಲ್ಲ.

ಪಶ್ಚಿಮ ತೀರ

ಆಶ್ರಮವಿರುವ ಊರಿನ ಹೆಸರನ್ನು ಬರೆಯುವುದಿಲ್ಲ. ಅಲ್ಲಿ ಮಕ್ಕಳಿದ್ದಾರೆ, ಅವರ ಹಿರಿಯರು ಬೇಡವೆಂದರು.

ಬಾದಾಮಿಯ ಕೆಂಪು ಬಂಡೆಗೆ ಒಗ್ಗಿದ ಕಣ್ಣಿಗೆ ಆ ಹಸಿರು ಮೊದಲೆರಡು ದಿನ ನೋವು ಕೊಟ್ಟಿತು. ಮಳೆ ಬರುತ್ತದೆ ಎಂದು ಅಲ್ಲಿ ಹೇಳುವಂತಿಲ್ಲ. ಮಳೆ ಅಲ್ಲಿಯೇ ಇರುತ್ತದೆ, ಆಗಾಗ ಹೊರಗೆ ಹೋಗಿಬರುತ್ತದೆ. ಹೊಲದ ಸುತ್ತ ಗಾರೆಯಿಲ್ಲದೆ ಬರಿ ಕಲ್ಲಿನ ಮೇಲೆ ಕಲ್ಲಿಟ್ಟ ಗೋಡೆಗಳು. ಐಹೊಳೆಯ ಹೊಲಗಳ ಒಡ್ಡುಗಳನ್ನು ಕಂಡವಳಿಗೆ ಇದೇನು ಹೊಸದಲ್ಲ ಎಂದುಕೊಂಡೆ. ಆದರೆ ಕಲ್ಲುಗಳ ನಡುವೆ ಸಂದು ಬಿಟ್ಟಿರುತ್ತಾರೆ. ಕಡಲಿನ ಗಾಳಿಯನ್ನು ತಡೆದರೆ ಗೋಡೆ ಬೀಳುತ್ತದಂತೆ; ಹಾಯಲು ಬಿಟ್ಟರೆ ನಿಲ್ಲುತ್ತದಂತೆ.

ಅಲ್ಲಿನ ದಾರಿಯಲ್ಲಿ ಎದುರಾದವರೆಲ್ಲ ಗಾಡಿಯ ಸ್ಟಿಯರಿಂಗಿನ ಮೇಲಿಂದ ಒಂದು ಬೆರಳನ್ನು ಮಾತ್ರ ಎತ್ತುತ್ತಾರೆ. ಅದು ಅವರ ನಮಸ್ಕಾರ. ನನಗೆ ಒಂದು ಬೆರಳಿನ ನಮಸ್ಕಾರ ಅವಿನಯವೆನಿಸಿ, ಶಾಂತಾಳ ಗಾಡಿಯೊಳಗಿಂದಲೇ ಎದುರಾದ ಟ್ರ್ಯಾಕ್ಟರಿಗೆ ಎರಡೂ ಕೈ ಎತ್ತಿ ಮುಗಿದೆ. ಅವನು ಗಾಬರಿಯಿಂದ ಟ್ರ್ಯಾಕ್ಟರ್ ನಿಲ್ಲಿಸಿ ಇಳಿದು ಓಡಿಬಂದ.

"ಅಕ್ಕೋರ, ಕೈ ಇಳಸ್ರಿ!" ಎಂದು ಶಾಂತಾ ಹೊಟ್ಟೆ ಹಿಡಿದು ನಕ್ಕಳು. "ನಮ್ಮ ಗಾಡಿ ಕೆಟ್ಟೈತಿ ಅನ್ಕೊಂಡಾನ ಅವ. ಈಗ ಚಾ ಕುಡಿಯೂ ತನಕ ಬಿಡೂದಿಲ್ಲ ನೋಡ್ರಿ." ಹಾಗೆಯೇ ಆಯಿತು. ಅವನ ಮನೆಯಲ್ಲಿ ಹಾಲು ಹಾಕಿದ ಗಟ್ಟಿ ಚಹಾ ಕುಡಿದು, ಮಳೆಯ ಬಗ್ಗೆ ಒಂದು ತಾಸು ಕೇಳಿಸಿಕೊಂಡು ಬಂದೆವು.

ನನಗೆ ಇಂಗ್ಲಿಷ್ ಬರುತ್ತದೆ. ಅವರ ಇಂಗ್ಲಿಷ್ ಬರುವುದಿಲ್ಲ. ಆದ್ದರಿಂದ ಎಲ್ಲರ ಮಾತನ್ನೂ ಶಾಂತಾ ನನಗೆ ಹೇಳುತ್ತಿದ್ದಳು. ಹೀಗಾಗಿ ಆಶ್ರಮದ ಹಿರಿಯ ಮೈಕೆಲ್, ನನ್ನದೇ ವಯಸ್ಸಿನ ಅವಿವಾಹಿತ ಮುದುಕ, ನನ್ನ ನೆನಪಿನಲ್ಲಿ ಇಂದಿಗೂ ಶುದ್ಧ ಬೇವೂರಿನವನಂತೆ ಮಾತಾಡುತ್ತಾನೆ. ಅವನು ಮೊದಲ ದಿನ ಕತ್ತೆಯ ಬೆನ್ನ ಮೇಲಿನ ಕಪ್ಪು ಶಿಲುಬೆಯ ಗುರುತನ್ನು ತೋರಿಸಿ, ತಮ್ಮ ಪ್ರಭು ಇದರ ಮೇಲೇರಿ ಊರು ಹೊಕ್ಕನೆಂದ. ನಮ್ಮ ಶೀತಲಾದೇವಿಯ ವಾಹನವೂ ಇದೇ ಎಂದೆ. ಅವನು ಟೊಪ್ಪಿಗೆ ತೆಗೆದು ಏನೋ ಹೇಳಿದ. ಶಾಂತಾ ತುಟಿ ಕಚ್ಚಿ ಹೇಳಿದಳು: "'ಹಂಗಾದ್ರ ನಿಮ್ಮ ದೇವರಿಗೂ ನಮ್ಮ ದೇವರಿಗೂ ಯಾರೂ ಕುದರಿ ಕೊಡ್ಲಿಲ್ಲ ಅನ್ರಿ' ಅಂತಾನ್ರಿ." ನಗುವುದು ಯುಕ್ತವೇ ಎಂದು ತಿಳಿಯುವ ಮೊದಲೇ ನಕ್ಕಿದ್ದೆ.

ಕೊಟ್ಟಿಗೆ

ಕೊಟ್ಟಿಗೆಯ ಪ್ರತಿಯೊಂದು ಬಾಗಿಲಿಗೂ ಒಂದು ಮರದ ಹಲಗೆ. ಒಳಗಿರುವ ಪ್ರಾಣಿಯ ಹತ್ತಿರ ಹೇಗೆ ಬರಬೇಕು, ಏನು ಮಾಡಬಾರದು, ಅದಕ್ಕೇನು ಇಷ್ಟ ಎಂಬುದು ಅದರ ಮೇಲೆ. ಇದನ್ನು ಬರೆಯುವವರು ಮಕ್ಕಳು. ಬರುವ ಮಗುವಿಗೆ ಒಂದು ಪ್ರಾಣಿಯ ವೃತ್ತಾಂತದ ಪುಸ್ತಕ ಕೊಡುತ್ತಾರೆ: ಎಲ್ಲಿ ಸಿಕ್ಕಿತು, ಮೈಮೇಲೆ ಏನಿತ್ತು, ಯಾವುದಕ್ಕೆ ಬೆಚ್ಚುತ್ತದೆ. ಮಗು ಅದನ್ನು ಕಲಿಯಬೇಕು, ದೂರ ಕುಳಿತು ನೋಡಬೇಕು, ಬೇಕಾದರೆ ಆ ಪ್ರಾಣಿಗೆ ಅದರ ಕಥೆಯನ್ನು ಓದಿ ಹೇಳಬಹುದು. ತಾನಾಗಿ ಬರುವವರೆಗೆ ಮುಟ್ಟುವಂತಿಲ್ಲ. ಕಲಿತದ್ದು ಸಾಕೆನಿಸಿದ ದಿನ ಹಲಗೆ ಬರೆಯಬೇಕು.

ಅಲ್ಲಿದ್ದ ಆರು ಮಕ್ಕಳಲ್ಲಿ ಒಬ್ಬರನ್ನೂ 'ನಿನಗೇನಾಯಿತು' ಎಂದು ಕೇಳಿದ್ದನ್ನು ನಾನು ಕಾಣಲಿಲ್ಲ. ಪ್ರಾಣಿಗೇನಾಯಿತು ಎಂದು ಮಾತ್ರ ಕೇಳುತ್ತಿದ್ದರು.

ಭಾಗಿಗೆ ಸಿಕ್ಕದ್ದು ಬ್ರಿಡಿ ಎಂಬ ಹೆಣ್ಣು ಕತ್ತೆ. ಅದು ಮರಿಯಾಗಿದ್ದಾಗ ಯಾರೋ ಕುತ್ತಿಗೆಗೆ ಹಗ್ಗ ಕಟ್ಟಿ ಕತ್ತಲ ಕೋಣೆಯಲ್ಲಿ ಬಿಟ್ಟಿದ್ದರು. ಅದು ಬೆಳೆಯಿತು, ಹಗ್ಗ ಬೆಳೆಯಲಿಲ್ಲ. ಬಿಡಿಸಿ ತಂದಾಗ ಹಗ್ಗ ಮಾಂಸದೊಳಗಿತ್ತು. ಎರಡು ವರ್ಷವಾದರೂ ಅದು ಮನುಷ್ಯರಿಂದ ಹತ್ತು ಹೆಜ್ಜೆ ದೂರವೇ ನಿಲ್ಲುತ್ತಿತ್ತು. ಶಾಂತಾ ಆ ಪುಸ್ತಕವನ್ನು ಕನ್ನಡದಲ್ಲಿ ಬರೆದುಕೊಟ್ಟಳು. ಭಾಗಿ ಎಡಗಡೆ ಕಲ್ಲುಗೋಡೆ ಇರುವ ಮೂಲೆಯನ್ನು ಆರಿಸಿಕೊಂಡು ಕುಳಿತಳು.

ಅಲ್ಲಿಯೂ ಬೆಳಗಿನ ಪೂಜೆಗೆ ಅವಳು ನನ್ನ ಬಳಿ ಬರುತ್ತಿದ್ದಳು. ಮೈಕೆಲ್ ಅದನ್ನು ಗಮನಿಸಿ, ಇಡೀ ದಿನದಲ್ಲಿ ಮಗು ಆಗ ಮಾತ್ರ ನಿಮ್ಮ ಹತ್ತಿರ ಏಕೆ ಬರುತ್ತದೆ ಎಂದು ಕೇಳಿದ. ನಾನು ಮಡಿಯನ್ನು ವಿವರಿಸಿದೆ. ಅವನು ಬೆರಗಾಗಿ ಶಾಂತಾಳಿಗೆ ಉದ್ದಕ್ಕೆ ಹೇಳಿದ.

"'ಆ ಹೊತ್ತಿನ್ಯಾಗ ನೀವು ಮುಟ್ಟೂದಿಲ್ಲ ಅಂತ ಆ ಕೂಸಿಗೆ ಗ್ಯಾರಂಟಿ ಐತಿ. ಅದಕ್ಕ ಬರತೈತಿ' ಅಂತಾನ್ರಿ. 'ನಾವು ಬಂದವರಿಗೆ ವರ್ಷಗಟ್ಟಲೆ ಕಲಸ್ತೇವಿ ಇದನ್ನ. ನೀವು ಹುಟ್ಟಿದಾಗಿಂದ ಮಾಡಾಕತ್ತೀರಿ' ಅಂತಾನ."

ನನ್ನ ಮುಖ ಅರಳಿತು. ಶಾಂತಾಳದು ಅರಳಲಿಲ್ಲ.

"ಅವಗೇನು ಗೊತ್ತು ಬಿಡ್ರಿ" ಎಂದಳು. "ನಾ ನಿಮ್ಮ ಮನ್ಯಾಗ ಐದು ವರ್ಷ ಸಂಸ್ಕೃತ ಕಲತೇನಿ ಅಕ್ಕೋರ. ಪಡಸಾಲಿ ದಾಟಿ ಒಂದು ಹೆಜ್ಜಿ ಒಳಗ ಬಂದಿಲ್ಲ. ಒಮ್ಮಿ ನೀರಡಿಕ್ಯಾಗಿ ಒಳಗ ಕಾಲಿಟ್ಟಿದ್ದೆ. 'ಮುಟ್ಟಬ್ಯಾಡ, ಅಲ್ಲೇ ನಿಂದ್ರು' ಅಂದ್ರಿ. ನೆನಪೈತೇನ್ರಿ?"

ನೆನಪಿತ್ತು. ಸುಳ್ಳು ಹೇಳಲಾರೆ. ಈ ಹಲಗೆಗಳ ಮೇಲೆಯೂ ಮುಟ್ಟಬೇಡಿ ಎಂದೇ ಇದೆ. ಅದು ಬೆದರಿದ ಜೀವ ತನ್ನನ್ನು ಕಾಪಾಡಿಕೊಳ್ಳಲು ಹೇಳುವ ಮಾತು. ನಾನು ಅದೇ ಮಾತನ್ನು ಬಾಯಾರಿದ ಮಗುವಿಗೆ ಹೇಳಿದ್ದೆ. ಅಂದು ಮಧ್ಯಾಹ್ನ ಶಾಂತಾಳ ಅಡುಗೆಮನೆಯೊಳಗೆ ಹೋಗಿ, ಅವಳ ಒಲೆಯ ಪಕ್ಕ ಕುಳಿತು, ಅವಳು ಬಡಿದ ರೊಟ್ಟಿಯನ್ನು ಅವಳ ಕೈಯಿಂದಲೇ ಇಸಿದುಕೊಂಡು ತಿಂದೆ. ಅವಳು ಇನ್ನೊಂದು ಹಾಕಿದಳು. ಇದನ್ನು ಓದಿ ಹುಬ್ಬು ಗಂಟಿಕ್ಕುವ ನಮ್ಮವರಿದ್ದರೆ, ಅವರಿಗೂ ತಿಳಿದಿರಲಿ: ಮೂರು ತಿಂದೆ.

ಬೇಲಿ

ಮಡಿಸೀರೆಯನ್ನು ಒಣಗಿಸಲು ನಾನು ಯಾರೂ ಹೋಗದ ಒಂದು ಗೋಡೆಯನ್ನು ಹುಡುಕಿಕೊಂಡಿದ್ದೆ. ನನ್ನ ಎಚ್ಚರವೆಲ್ಲ ಮನುಷ್ಯರ ಬಗ್ಗೆ ಇತ್ತು. ಎಂಟನೆಯ ದಿನ ಬೆಳಗ್ಗೆ ಮಿಂದು ಹೋಗಿ ನೋಡುತ್ತೇನೆ, ಸೀರೆಯ ಅರ್ಧ ಗೋಡೆಯ ಆಚೆಗಿದೆ, ಕೆಂಪು ಸೆರಗು ಬ್ರಿಡಿಯ ಬಾಯಲ್ಲಿದೆ.

ಕತ್ತೆ ಮುಟ್ಟಿದ ಸೀರೆ! ಅದೂ ನನ್ನ ವಸುಧಾ ತಂದದ್ದು. "ಏ ಬಿಡು, ಬಿಡು!" ಎಂದು ಕೂಗುತ್ತ ಕಿತ್ತುಕೊಳ್ಳಲು ನುಗ್ಗಿದೆ.

ಭಾಗಿ ಎಲ್ಲಿಂದ ಬಂದಳೋ. ನನ್ನ ಮುಂದೆ ಬಂದು ಎರಡೂ ತೋಳು ಚಾಚಿ ಅಡ್ಡ ನಿಂತಳು. ಹುಟ್ಟಿದಂದಿನಿಂದ ನನಗೆ ಎದುರು ನಿಲ್ಲದ ಮಗು. ಅವಳ ಕಣ್ಣಲ್ಲಿ ಭಯವಿರಲಿಲ್ಲ; ಕೋಪವಿತ್ತು. ನಾನು ನಿಂತೆ.

ಆಗ ಸರಿಯಾಗಿ ನೋಡಿದೆ. ಬ್ರಿಡಿ ಸೀರೆಯನ್ನು ತಿನ್ನುತ್ತಿರಲಿಲ್ಲ. ಸೆರಗನ್ನು ತುಟಿಯಲ್ಲಿ ಮೆಲ್ಲಗೆ ಹಿಡಿದು, ಮೂಗನ್ನು ಅದರಲ್ಲಿ ಹುದುಗಿಸಿ, ಕಣ್ಣು ಮುಚ್ಚಿ ನಿಂತಿತ್ತು. ಎರಡು ವರ್ಷದಲ್ಲಿ ಅದು ಮನುಷ್ಯರ ವಸ್ತುವನ್ನು ತಾನಾಗಿ ಹತ್ತಿರ ಮಾಡಿಕೊಂಡದ್ದು ಇದೇ ಮೊದಲಂತೆ. ದೂರದಲ್ಲಿ ಮೈಕೆಲ್ ಟೊಪ್ಪಿಗೆ ತೆಗೆದು ನಿಂತಿದ್ದ.

ಸೀರೆಯನ್ನು ಅಲ್ಲಿಯೇ ಬಿಟ್ಟೆ. ಆ ದಿನ ನಿತ್ಯದ ಸೀರೆಯನ್ನೇ ಒದ್ದೆಮಾಡಿ ಉಟ್ಟು, ಹಲ್ಲು ಕಟಕಟಿಸುತ್ತ ಪೂಜೆ ಮುಗಿಸಿದೆ. ನೇಮಕ್ಕೆ ಭಂಗ ಬಂತೇ ಎಂದು ಊರಲ್ಲಿ ಇಬ್ಬರು ಕೇಳಿದರು. ಬರಲಿಲ್ಲ. ನನ್ನ ದೇವರನ್ನು ನಾನು ಅರವತ್ತು ವರ್ಷದಿಂದ ಬಲ್ಲೆ.

ಅಂದಿನಿಂದ ಭಾಗಿ ಗೋಡೆಯ ಈಚೆ, ಬ್ರಿಡಿ ಸೀರೆಯೊಂದಿಗೆ ಆಚೆ. ಹನ್ನೊಂದನೆಯ ದಿನ ನಾನು ಹಾದಿಯಲ್ಲಿ ಬರುತ್ತಿದ್ದಾಗ ಗಾಳಿಯಲ್ಲಿ ಒಂದು ದನಿ ಕೇಳಿತು. ತೆಳ್ಳಗೆ, ತುಕ್ಕು ಹಿಡಿದ ದನಿ. ಕನ್ನಡ. "ಹಗ್ಗ ಬೆಳೆಯಲಿಲ್ಲ" ಎಂದು ಓದುತ್ತಿತ್ತು.

ನಾನು ಜ್ಞಾನಿಯಾಗಿದ್ದರೆ ಅಲ್ಲಿಯೇ ನಿಲ್ಲುತ್ತಿದ್ದೆ. ಅಜ್ಜಿಯಾಗಿದ್ದೆ. "ಭಾಗಿ!" ಎಂದು ಕೂಗಿ ಓಡಿಹೋಗಿ ಅವಳನ್ನು ತಬ್ಬಿಕೊಂಡೆ. ಅವಳು ಕಲ್ಲಾದಳು. ಬ್ರಿಡಿ ಹೊಲದ ಆಚೆ ಅಂಚಿಗೆ ಓಡಿತು. ನಾಲ್ಕು ದಿನ ಆ ಪುಸ್ತಕ ತೆರೆಯಲಿಲ್ಲ. ಐದನೆಯ ಬೆಳಗ್ಗೆ ಪೂಜೆಗೆ ಬರುವವರೆಗೆ ಅವಳು ನನ್ನ ಹತ್ತಿರವೂ ಸುಳಿಯಲಿಲ್ಲ.

ಶಾಂತಾ ನನ್ನನ್ನು ಅಡುಗೆಮನೆಯ ಬೆಂಚಿನ ಮೇಲೆ ಕೂರಿಸಿದಳು. "ಸಾಲ್ಯಾಗ ನಮ್ಮನ್ನ ಎಷ್ಟು ಸಲ ಕೈ ಕಟ್ಟಿಸಿ ಕುಂದ್ರಿಸೀರಿ ಅಕ್ಕೋರ? ಈಗ ನೀವು ಕುಂದರ್ರಿ. ಕೈ ಕಟ್ರಿ. ನಾ ಹೇಳೂ ತನಕ ಏಳಬ್ಯಾಡ್ರಿ."

"ಹುನಗುಂದಕ್ಕ ಫೋನರ ಮಾಡ್ಲೇನ? ಮಾತಾಡಿದ್ಲು ಅಂತ..."

"ಯಾರ ಮುಂದ ಮಾತಾಡಿದ್ಲ್ರಿ? ಬ್ರಿಡಿ ಮುಂದ. ಅದು ಅವರಿಬ್ಬರ ಮಾತು. ನೀವ್ಯಾಕ ಊರಿಗೆಲ್ಲ ಹಂಚತೀರಿ?"

ಹಳೆಯ ವಿದ್ಯಾರ್ಥಿನಿಯಿಂದ ಶಿಕ್ಷೆ ಪಡೆಯುವ ಯೋಗ ಎಲ್ಲ ಗುರುಗಳಿಗೂ ಒದಗುವುದಿಲ್ಲ. ನಾನು ಕೈ ಕಟ್ಟಿ ಕುಳಿತೆ. ಫೋನು ಮಾಡಲಿಲ್ಲ.

ಹೊರಡುವ ಹಿಂದಿನ ದಿನ ಭಾಗಿ ಬ್ರಿಡಿಯ ಹಲಗೆಯನ್ನು ಬರೆದಳು, ಕನ್ನಡದಲ್ಲಿ: "ಇವಳು ಬ್ರಿಡಿ. ಹಗ್ಗ ಹಿಡಿದು ಬರಬೇಡಿ. ಕಣ್ಣು ಮುಚ್ಚಿದ್ದರೆ ಸುಮ್ಮನಿರಿ. ಸೀರೆ ಇವಳದೇ. ಗಜ್ಜರಿ ಇಷ್ಟ." ಗಜ್ಜರಿ ಎಂದರೆ ಕ್ಯಾರೆಟ್ ಎಂದು ಶಾಂತಾ ಮೈಕೆಲ್‌ಗೆ ಹೇಳಬೇಕಾಯಿತು. ಇಲ್ಲಿ ಇದನ್ನು ಓದುವವರು ಯಾರು, ಕೆಳಗೆ ಇಂಗ್ಲಿಷಿನಲ್ಲಿಯೂ ಬರೆಯಿಸಿ ಎಂದೆ. ಅವನು ತಲೆಯಾಡಿಸಿ ಹಾಗೆಯೇ ಮೊಳೆ ಹೊಡೆದ.

"'ಓದಾಕ ಬರದವರು ಬಾಗಲದಾಗ ನಿಂತು ಕೇಳ್ಲಿ. ನಿಂತು ಕೇಳೂದ ಕಲೀಲಿ ಅಂತನ ಹಲಗಿ ಹಾಕೂದು' ಅಂತಾನ್ರಿ."

ಬೀಳ್ಕೊಡುವಾಗ ಮೈಕೆಲ್ ಪ್ರತಿಯೊಂದು ಮಗುವಿಗೂ ಕೊಡುವಂತೆ ಭಾಗಿಗೂ ಒಂದು ಖಾಲಿ ಹಲಗೆಯನ್ನು ಕೊಟ್ಟ. ಕೈಗೆ ಕೊಡಲಿಲ್ಲ. ಗೋಡೆಯ ಮೇಲಿಟ್ಟು ಹಿಂದೆ ಸರಿದು ನಿಂತ. ಅವಳು ತೆಗೆದುಕೊಂಡಳು.

ಮತ್ತೆ ಹುನಗುಂದ

ಮೇ ಮೂವತ್ತೊಂದರ ಬೆಳಗ್ಗೆ ವಾಮನರಾಯರ ಪಡಸಾಲೆಯಲ್ಲಿ ನಾವೆಲ್ಲ ಸೇರಿದೆವು. ಅರ್ಜಿ ಅದೇ ಮೇಜಿನ ಮೇಲಿತ್ತು, ಅಂಚೆಯ ಲಕೋಟೆಯೊಂದಿಗೆ. ಭಾಗಿ ಬಂದೊಡನೆ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.

"ಆತೇನ್ರಿ ಬಾಯಾರ ಕತ್ತಿ ಯಾತ್ರಾ?" ಎಂದರು ವಾಮನರಾಯರು. "ಮಾತಾಡಿದ್ಲೇನು?"

ಹೌದು ಎಂಬ ಒಂದು ಮಾತಿನಿಂದ ಆ ಲಕೋಟೆಯನ್ನು ನಾನು ಅಲ್ಲಿಯೇ ನಿಲ್ಲಿಸಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಮರುಗಳಿಗೆಯೇ ಮಗುವನ್ನು ಕರೆದು ಎದುರು ನಿಲ್ಲಿಸಿ, ಎಲ್ಲಿ ಅನ್ನು ನೋಡೋಣ ಎನ್ನುತ್ತಾರೆ. ಆ ದನಿ ಬ್ರಿಡಿಗೆ ಕೊಟ್ಟದ್ದು. ಸಾಕ್ಷಿಗೆಂದು ತಂದು ನಿಲ್ಲಿಸುವ ಅಧಿಕಾರ ನನಗಿರಲಿಲ್ಲ.

"ಅದನ್ನ ಹೇಳಬೇಕಾದಾಕಿ ಆಕಿ. ನಾ ಹೇಳೂದಿಲ್ಲ" ಎಂದೆ.

"ಅಂದ್ರ ಇಲ್ಲ ಅಂತಾತು."

"ಅಂದ್ರ ನಾ ಹೇಳೂದಿಲ್ಲ ಅಂತಾತು. ಪರೀಕ್ಷಾ ತೊಗೋಲಿಕ್ಕೆ ಆಕಿ ಅಪರಾಧ ಮಾಡಿಲ್ಲ, ವಾಮನರಾವ್. ನೀವು ಲಕೋಟಿ ಹಾಕ್ರಿ. ನಾ ಆ ಊರಿಗೇ ಹೋಗಿ ಆ ಸಾಲಿ ಬಾಗಲದಾಗ ಕೂಡ್ತೇನಿ. ಎಪ್ಪತ್ತೊಂದು ಅಲ್ಲ, ತೊಂಬತ್ತೊಂದು ಆಗೂ ತನಕ ಕೂಡ್ತೇನಿ."

ಅವರು ಎದ್ದು ಕೋಣೆಯ ಕಡೆ ನಡೆದರು. ಬಾಗಿಲ ಬಳಿ ನಿಂತುಬಿಟ್ಟರು. ಹೊರಗಿನ ಚಿಲಕಕ್ಕೆ ಮೈಕೆಲ್ ಕೊಟ್ಟ ಹಲಗೆ ತೂಗುತ್ತಿತ್ತು. ಯಾವಾಗ ಬರೆದಳೋ, ಯಾವಾಗ ತೂಗುಹಾಕಿದಳೋ ನಾನೂ ಕಂಡಿರಲಿಲ್ಲ.

"ಇವಳು ಭಾಗೀರಥಿ. ಎಡಗಡೆಯಿಂದ ಬರಬೇಡಿ. ಅಮ್ಮ ಎಡಗಡೆ ಕೂತಿದ್ದಳು. ಮುಟ್ಟುವ ಮೊದಲು ಕೇಳಿ. ಮಾತಾಡು ಅನ್ನಬೇಡಿ, ಬಂದು ಕೂಡಿರಿ. ದಾಳಿಂಬೆ ಇಷ್ಟ."

ಬಾದಾಮಿಯ ಗೋಡೆ, ವಿಮಾನದ ಗೋಡೆ, ನಮ್ಮ ತುಳಸಿಕಟ್ಟೆಯ ಪಕ್ಕದ ಗೋಡೆ, ಎಲ್ಲವೂ ಒಮ್ಮೆಗೇ ನನ್ನೆದುರು ನಿಂತವು. ಇಷ್ಟು ತಿಂಗಳು ಜೊತೆಗಿದ್ದೂ ನಾನು ಅದನ್ನು ಓದಿರಲಿಲ್ಲ.

ವಾಮನರಾಯರು ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದರು. "ಇದು ಬರದದ್ದು" ಎಂದರು, ದನಿ ಕುಗ್ಗಿತ್ತು. "ಮಾತಲ್ಲ."

"ಬರದದ್ದು ಓದ್ಲಿಕ್ಕೆ ಬರ್ತದಲ್ಲ ನಿಮಗ?"

ಆ ಬಾಗಿಲಿನಿಂದ ಒಳಗೆ ಹೋದರೆ ಮಗು ಕುಳಿತ ಮಂಚದ ಎಡಬದಿಗೇ ಹೋಗಬೇಕು. ಶ್ರೀಪಾದ ಹಲಗೆಯನ್ನು ಓದಿದ. ಅಡುಗೆಮನೆಯಿಂದ ಒಂದು ದಾಳಿಂಬೆ ತೆಗೆದುಕೊಂಡು ಹೊರಗೆ ಹೋದ. ಮನೆಯನ್ನು ಸುತ್ತಿಕೊಂಡು, ಹಿತ್ತಲಿನಿಂದ ಬಂದು, ಬಲಬದಿಯ ಚಿಕ್ಕ ಬಾಗಿಲಿನಿಂದ, "ಬರ್ಲೇನವಾ?" ಎಂದು ಕೇಳುವುದು ನಮಗೆ ಕೇಳಿಸಿತು. ಮತ್ತೆ ಕರೆಯದೆ ಕಾದ. ಆಮೇಲೆ ಚಿಲಕ ತೆಗೆದ ಸದ್ದು. ಬಾಗಿಲ ಸಂದಿಯಲ್ಲಿ ಅವನು ನೆಲದ ಮೇಲೆ ಕುಳಿತು ದಾಳಿಂಬೆ ಸುಲಿಯುವುದು ಕಂಡಿತು. ಕಾಳುಗಳನ್ನು ಬಟ್ಟಲಿಗೆ ಹಾಕಿ ಅವಳತ್ತ ಸರಿಸಿ ಕೈ ಹಿಂದಕ್ಕೆ ತೆಗೆದುಕೊಂಡ. ಅವಳು ತಿಂದಳು. ತಿನ್ನುತ್ತ ಅವನ ಕಡೆ ಬಾಗಿದಳು. ತುಟಿ ಆಡಿತು.

ನಮಗೆ ಏನೂ ಕೇಳಲಿಲ್ಲ. ವಾಮನರಾಯರು ತಡೆಯಲಾರದೆ, "ಏನಂದ್ಲೋ ಶ್ರೀಪಾದ? ಏನಂದ್ಲು?" ಎಂದು ಹೊರಗಿನಿಂದಲೇ ಕೂಗಿದರು.

ಶ್ರೀಪಾದ ತಿರುಗಿ ನೋಡಲೂ ಇಲ್ಲ. "ಅದು ನನಗ ಅಂದದ್ದು, ಅಣ್ಣಾ" ಎಂದ.

ಆಮೇಲೆ ಅವನು ಹೊರಬಂದು, ಅರ್ಜಿಯನ್ನು ಲಕೋಟೆಯ ಸಮೇತ ಮೇಜಿನಿಂದ ಎತ್ತಿ ನಾಲ್ಕಾಗಿ ಮಡಚಿ ತನ್ನ ಜೇಬಿಗೆ ಹಾಕಿಕೊಂಡ. ನಲವತ್ತು ವರ್ಷದಲ್ಲಿ ಅಣ್ಣನ ಮೇಜಿನ ಮೇಲಿನ ವಸ್ತುವನ್ನು ಅವನು ಮುಟ್ಟಿದ್ದು ಅದೇ ಮೊದಲಿರಬೇಕು. ಅಣ್ಣ ತಡೆಯಲಿಲ್ಲ.

ಭಾಗಿ ಈಗ ವಿದ್ಯಾಗಿರಿಯ ಶಾಲೆಗೆ ಹೋಗುತ್ತಾಳೆ. ಎಡಗೋಡೆಯ ಪಕ್ಕದ ಬೆಂಚು ಅವಳದು. ಪ್ರತಿ ಭಾನುವಾರ ಶ್ರೀಪಾದ ಬರುತ್ತಾನೆ. ಹೋದ ಭಾನುವಾರ ವಾಮನರಾಯರೂ ಬಂದಿದ್ದರು. ಮಳೆ ಬಂದು ಹಿತ್ತಲೆಲ್ಲ ಕೆಸರಾಗಿತ್ತು. ಮುಂಬಾಗಿಲ ಹಲಗೆಯ ಎದುರು ಒಂದು ಗಳಿಗೆ ನಿಂತರು. ಧೋತರವನ್ನು ಮೊಳಕಾಲವರೆಗೆ ಎತ್ತಿ ಹಿಡಿದು, ಕೈಯಲ್ಲಿ ದಾಳಿಂಬೆಯ ಚೀಲದೊಂದಿಗೆ, ಗೊಣಗುತ್ತ ಬಲಗಡೆಯಿಂದ ಸುತ್ತಿಕೊಂಡು ಬಂದರು. ನಾನು ನಗಲಿಲ್ಲ. ಕಾಲಿಗೆ ನೀರು ಕೊಟ್ಟೆ.

ಅವಳು ಮಾತಾಡುತ್ತಾಳೆಯೇ ಎಂದು ನಮ್ಮವರು ಈಗಲೂ ಕೇಳುತ್ತಾರೆ. ಹಲಗೆ ನಮ್ಮ ಬಾಗಿಲಲ್ಲಿದೆ. ಓದಿಕೊಂಡು ಬಂದವರು ಕೂತು ಕಾಯಬಹುದು. ಉಳಿದವರಿಗೆ ನನ್ನ ಮನೆಯಲ್ಲಿ ಉತ್ತರವಿಲ್ಲ.